ಸ್ಟೇರಿಂಗ್ ತಿರುಗಿಸಿದರೆ ‘ಟಕ್’: ರ‍್ಯಾಕ್ ಬದಲಿಸಲೇಬೇಕಾ?

ಪ್ರಶ್ನೆ: ನಮ್ಮದು 2015ರ ಪುಟ್ಟ ಪೆಟ್ರೋಲ್ ಕಾರು. 74,000 ಕಿಲೋಮೀಟರ್ ಓಡಿದೆ. ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಸ್ಟೇರಿಂಗ್‌ನಲ್ಲಿ ಸದ್ದು ಶುರುವಾಯಿತು. ನಿಂತಲ್ಲೇ ಪೂರ್ತಿ ತಿರುಗಿಸಿದರೆ ಎಡಗಡೆಯಿಂದ ‘ಟಕ್’ ಅನ್ನುತ್ತದೆ. ಕೆಲವು ಸಲ ತಂತಿ ಮೀಟಿದ ಹಾಗೆ ‘ಡೊಂಯ್’. ಮಣ್ಣು ರಸ್ತೆಯಲ್ಲಿ ಹೋಗುವಾಗ ‘ಗಡಗಡ’. ಒಬ್ಬ ಮೆಕ್ಯಾನಿಕ್ ರ‍್ಯಾಕ್ (ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ದಾಟಿಸುವ ಹಲ್ಲಿನ ಸರಳು) ಹೋಗಿದೆ, 24,000 ರೂಪಾಯಿ ಆಗುತ್ತೆ ಅಂದರು. ಇನ್ನೊಬ್ಬರು ಗ್ರೀಸ್ ಹೊಡೆದು ಕಳಿಸಿದರು, ನಾಲ್ಕು ದಿನ ಸುಮ್ಮನಿತ್ತು, ಮತ್ತೆ ಅದೇ ಕತೆ. ಪಕ್ಕದ ಮನೆಯವರು ಪವರ್ ಸ್ಟೇರಿಂಗ್ ಆಯಿಲ್ ಕಡಿಮೆಯಾಗಿದೆ ಅನ್ನುತ್ತಾರೆ. ಹದಿನೈದು ದಿನಕ್ಕೊಮ್ಮೆ ಅಮ್ಮನನ್ನು ಕೂರಿಸಿಕೊಂಡು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಡಾಕ್ಟರ ಹತ್ತಿರ ಹೋಗಬೇಕು. ತಿರುವಿನಲ್ಲಿ ಸ್ಟೇರಿಂಗ್ ಲಾಕ್ ಆಗಿಬಿಟ್ಟರೆ ಅಂತ ಹೆದರಿಕೆ. ಏನು ಮಾಡಲಿ? ಅಂದ ಹಾಗೆ, ಸ್ಟೇರಿಂಗ್ ಒಳಗೆ ಕಾಗದ ಸವರಿದ ಹಾಗೆ ಸರಸರ ಅನ್ನುತ್ತೆ, ಹಾರ್ನ್ ಕೂಡ ಒಮ್ಮೊಮ್ಮೆ ಕೈಕೊಡುತ್ತೆ. ಅದು ಬೇರೆ ವಿಷಯ ಬಿಡಿ.

– ಶಿರಸಿ ಹತ್ತಿರದ ಓದುಗರೊಬ್ಬರು

ಉತ್ತರ:

ಮೊದಲು ಹೆದರಿಕೆಯ ವಿಷಯ ಮುಗಿಸೋಣ. ನಿಮ್ಮ ಕಾರಿನ ವರ್ಷ, ಗಾತ್ರ ನೋಡಿದರೆ ಅದು ಬಹುಪಾಲು ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ಸ್ಟೇರಿಂಗ್ ಕಂಬಕ್ಕೆ ಒಂದು ಮೋಟಾರು ಅಂಟಿಕೊಂಡಿರುತ್ತದೆ, ನೀವು ತಿರುಗಿಸುವಾಗ ಅದು ಜೊತೆಗೆ ಕೈಹಾಕುತ್ತದೆ. ಆ ಮೋಟಾರು ಕೆಲಸ ನಿಲ್ಲಿಸಿದರೆ ಸ್ಟೇರಿಂಗ್ ಭಾರವಾಗುತ್ತದೆ, ಮೀಟರ್ ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಅಷ್ಟೇ. ನಿಮ್ಮ ಕೈಯಿಂದ ಚಕ್ರದವರೆಗೆ ಕಬ್ಬಿಣದ ಕೊಂಡಿ ಹಾಗೇ ಇರುತ್ತದೆ. ರಟ್ಟೆಗೆ ಜೋರು ಬೀಳುತ್ತೆ ನಿಜ, ಆದರೆ ಗಾಡಿ ತಿರುಗುತ್ತದೆ.

ಸ್ಟೇರಿಂಗ್ ನಿಜವಾಗಿ ಲಾಕ್ ಆಗುವುದು ಇನ್ನೊಂದು ಕಾರಣಕ್ಕೆ, ಅದನ್ನು ಜನ ತಾವೇ ಮಾಡಿಕೊಳ್ಳುತ್ತಾರೆ. ಪೆಟ್ರೋಲ್ ಉಳಿಸುವ ಆಸೆಗೆ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಬಿಡುವವರು ಈಗಲೂ ಇದ್ದಾರೆ. ಹಾಗೆ ಮಾಡಿದರೆ ಪವರ್ ಸ್ಟೇರಿಂಗ್ ಹೋಗುತ್ತದೆ. ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬ್ರೇಕೂ ಕಲ್ಲಾಗುತ್ತದೆ. ಕೀ ಹೊರಗೆ ಬಂತೋ, ಕಳ್ಳರಿಗೆಂದು ಇಟ್ಟಿರುವ ಸ್ಟೇರಿಂಗ್ ಲಾಕ್ ತಾನೇ ಬೀಳುತ್ತದೆ. ನೀವು ಹೀಗೆ ಮಾಡುವವರಲ್ಲ ಅಂದುಕೊಳ್ಳುತ್ತೇನೆ.

ಇನ್ನು ಸದ್ದಿಗೆ ಬರೋಣ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಲ್ಲಿರುವುದು ಒಂದು ಸದ್ದಲ್ಲ, ಮೂರು. ನಿಂತಲ್ಲಿ ತಿರುಗಿಸಿದಾಗ ಬರುವ ಟಕ್-ಡೊಂಯ್ ಒಂದು. ಮಣ್ಣು ರಸ್ತೆಯ ಗಡಗಡ ಇನ್ನೊಂದು. ನೀವು ‘ಬಿಡಿ’ ಅಂದ ಸರಸರ ಮೂರನೆಯದು. ಇಬ್ಬರು ಮೆಕ್ಯಾನಿಕ್‌ಗಳು ಬೇರೆ ಬೇರೆ ಮಾತು ಹೇಳಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ‘ಸ್ಟೇರಿಂಗ್‌ನಲ್ಲಿ ಸದ್ದು’ ಅಂತ ಒಂದೇ ಮಾತಲ್ಲಿ ಹೇಳಿದರೆ, ಒಬ್ಬರು ಒಂದನ್ನು ಹಿಡಿಯುತ್ತಾರೆ, ಇನ್ನೊಬ್ಬರು ಇನ್ನೊಂದನ್ನು.

ಇನ್ನೊಂದು ತೊಂದರೆ ಇದೆ. ಮುಂದಿನ ಚಕ್ರದ ಹತ್ತಿರ ಏನೇ ಕುಟ್ಟಿದರೂ ಅದು ರ‍್ಯಾಕ್, ಕಂಬ ಎಲ್ಲ ಹತ್ತಿಕೊಂಡು ಬಂದು ನಿಮ್ಮ ಅಂಗೈಯಲ್ಲಿ ಕೇಳಿಸುತ್ತದೆ. ಕೈಗೆ ಬಂತು ಅಂದ ತಕ್ಷಣ ಸ್ಟೇರಿಂಗ್‌ದೇ ದೋಷ ಅನ್ನಿಸುತ್ತದೆ. ನಮ್ಮ ಗ್ಯಾರೇಜಿಗೆ ‘ಸ್ಟೇರಿಂಗ್ ಸದ್ದು’ ಅಂತ ಬರುವ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಸ್ಪೆನ್ಷನ್‌ದೇ, ಅಂದರೆ ರಸ್ತೆಯ ಏಟು ತಡೆಯುವ ಸ್ಪ್ರಿಂಗ್, ಕೀಲುಗಳದೇ ಇರುತ್ತವೆ.

ಪಕ್ಕದ ಮನೆಯವರ ಆಯಿಲ್ ಮಾತು ನೋಡೋಣ. ಬಾನೆಟ್ ಎತ್ತಿ. ಸ್ಟೇರಿಂಗ್ ಚಕ್ರದ ಚಿತ್ರ ಇರುವ ಮುಚ್ಚಳದ ಪುಟ್ಟ ಡಬ್ಬಿ ಇದೆಯಾ? ಇದ್ದರೆ ಅದು ಆಯಿಲ್‌ದು, ಹೈಡ್ರಾಲಿಕ್. ಆಯಿಲ್ ಇಳಿದಿದ್ದರೆ, ಗಾಳಿ ಸೇರಿದ್ದರೆ ತಿರುಗಿಸಿದಷ್ಟೂ ಹೊತ್ತು ‘ಗುಂಯ್’ ಅಂತ ನರಳುತ್ತದೆ, ಬೆಲ್ಟ್ ಸಡಿಲವಾದರೆ ಕಿರುಚುತ್ತದೆ. ಟಕ್ ಅಂತ ಒಂದೇ ಏಟು ಹೊಡೆಯುವುದಿಲ್ಲ. ಡಬ್ಬಿ ಇಲ್ಲದಿದ್ದರೆ ಹಾಕಲು ಆಯಿಲ್ ಅನ್ನುವುದೇ ಇಲ್ಲ. ಎಲೆಕ್ಟ್ರಿಕ್ ಸ್ಟೇರಿಂಗ್ ಗಾಡಿಯ ಬಿಲ್ಲಿನಲ್ಲಿ ‘ಪವರ್ ಸ್ಟೇರಿಂಗ್ ಆಯಿಲ್ ಟಾಪ್ ಅಪ್’ ಅಂತ ಬರೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲಿ ಸುರಿದರೋ ದೇವರಿಗೇ ಗೊತ್ತು.

ಈಗ ಟಕ್-ಡೊಂಯ್. ನಿಮ್ಮ ಪತ್ರದಲ್ಲಿ ನನಗೆ ಸಿಕ್ಕ ದೊಡ್ಡ ಸುಳಿವು ಆ ‘ತಂತಿ ಮೀಟಿದ ಹಾಗೆ’ ಅನ್ನುವ ಮಾತು. ಇಂಥ ಕಾರುಗಳ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಟ್ಟಿಗೇ ಇರುತ್ತವೆ. ಸ್ಟ್ರಟ್ ಅನ್ನುತ್ತೇವೆ. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಜೋಡಣೆ ಇದು. ಇದರಲ್ಲಿ ಚಕ್ರ ತಿರುಗಿದರೆ ಇಡೀ ಸ್ಟ್ರಟ್, ಸ್ಪ್ರಿಂಗ್ ಸಮೇತ, ತಿರುಗುತ್ತದೆ. ಮೇಲೆ ಗಾಡಿಯ ಮೈಗೆ ತಾಗುವ ಕಡೆ ರಬ್ಬರ್ ಮೌಂಟ್, ಅದರ ಕೆಳಗೆ ತೆಳ್ಳಗಿನ ಒಂದು ಬೇರಿಂಗ್. ಅಂಗೈ ಅಗಲದ ಬಳೆ ಅಂದುಕೊಳ್ಳಿ. ಮಳೆಗಾಲದ ಕೆಸರು ಚಕ್ರದಿಂದ ಚಿಮ್ಮಿ ನೇರ ಅಲ್ಲಿಗೇ ಹೋಗುತ್ತದೆ. ಒಳಗಿನ ಗ್ರೀಸ್ ತೊಳೆದು ಹೋಗಿ ಕೆಮ್ಮಣ್ಣು ಕೂತರೆ ಬೇರಿಂಗ್ ಬಿಗಿಯುತ್ತದೆ. ಆಗ ನೀವು ಸ್ಟೇರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಕೆಳಗೆ ತಿರುಗುತ್ತದೆ, ಮೇಲೆ ತಿರುಗುವುದಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಮುರಿಗೆ ಹಾಕಿಕೊಳ್ಳುತ್ತದೆ. ತಡೆಯಲಾರದ ಹಂತ ಬಂದಾಗ ಥಟ್ಟನೆ ಬಿಡುತ್ತದೆ. ಅದೇ ನಿಮ್ಮ ಟಕ್, ಅದೇ ನಿಮ್ಮ ಡೊಂಯ್.

ಇದನ್ನು ನೀವೇ ನೋಡಬಹುದು. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಇಂಜಿನ್ ಚಾಲೂ ಇರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗ್ ಅನ್ನು ನಿಧಾನ, ಬಹಳ ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಲಿ. ನೀವು ಎಡಗಡೆ ಚಕ್ರದ ಮೇಲಿಂದ ಕೈ ಹಾಕಿ ಸ್ಪ್ರಿಂಗ್‌ನ ಹೊರಮೈಗೆ ಬೆರಳ ತುದಿ ತಾಗಿಸಿ. ಸುರುಳಿಗಳ ನಡುವೆ ಬೆರಳು ಖಂಡಿತ ತೂರಿಸಬೇಡಿ. ಬೇರಿಂಗ್ ಚೆನ್ನಾಗಿದ್ದರೆ ಸ್ಪ್ರಿಂಗ್ ಬೆಣ್ಣೆಯಲ್ಲಿ ಜಾರಿದ ಹಾಗೆ ತಿರುಗುತ್ತದೆ. ಹೋಗಿದ್ದರೆ ಸ್ವಲ್ಪ ತಿರುಗಿ ನಿಲ್ಲುತ್ತದೆ, ಬೆರಳ ಕೆಳಗೆ ನಡುಕ ಸಿಗುತ್ತದೆ, ಆಮೇಲೆ ಒಂದು ಜಿಗಿತ. ಆ ಜಿಗಿತಕ್ಕೂ ಟಕ್ ಸದ್ದಿಗೂ ಸರಿಹೊಂದಿತಾ? ಹಾಗಿದ್ದರೆ 24,000 ರೂಪಾಯಿಯ ಮಾತು ಸದ್ಯಕ್ಕೆ ಬದಿಗಿಡಿ. ಮೌಂಟ್ ಮತ್ತು ಬೇರಿಂಗ್ ರ‍್ಯಾಕ್‌ನ ಬೆಲೆಯ ಮುಂದೆ ಚಿಲ್ಲರೆ.

ಆದರೆ ಬಿಚ್ಚುವ ಕೆಲಸಕ್ಕೆ ನೀವು ಕೈಹಾಕಬೇಡಿ. ಸ್ಟ್ರಟ್ ತಲೆಯ ನಟ್ಟಿನ ಕೆಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಆ ನಟ್ಟು ಬಿಚ್ಚಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ಕೆನ್ನೆಯ ಮೂಳೆ ಮುರಿದುಕೊಂಡ ಹುಡುಗನೊಬ್ಬನನ್ನು ನಾನು ಆಸ್ಪತ್ರೆಯಲ್ಲಿ ನೋಡಿ ಬಂದಿದ್ದೇನೆ.

ಗಡಗಡ ಸದ್ದಿಗೆ ನನ್ನ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಗೇಣಿಗಿಂತ ಸ್ವಲ್ಪ ಉದ್ದದ ಸರಳು, ಎರಡೂ ತುದಿಗೆ ಗುಂಡು ಕೀಲು. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಅಡ್ಡ ಸರಳಿಗೆ ಇದೇ ಕೊಂಡಿ. ಈ ಕೀಲು ಸವೆದರೆ ಒಳ್ಳೆಯ ಡಾಂಬರು ರಸ್ತೆಯಲ್ಲಿ ಬಾಯಿ ಬಿಡುವುದಿಲ್ಲ. ಮಣ್ಣು ರಸ್ತೆ, ಸಣ್ಣ ಸಣ್ಣ ಗುಂಡಿ, ನಿಧಾನ ವೇಗ ಸಿಕ್ಕರೆ ಗಡಗಡ ಶುರು. ಡಬ್ಬಿಯಲ್ಲಿ ಅಡಿಕೆ ಕುಲುಕಿದ ಹಾಗೆ. ಎಡಗಡೆಯದೇ ಮೊದಲು ಹೋಗುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಎದುರಿಗೆ ಬಸ್ಸು ಬಂದಾಗ ರಸ್ತೆ ಬಿಟ್ಟು ಕೆಳಗಿಳಿಯುವುದು ಎಡಗಡೆ ಚಕ್ರವೇ ಅಲ್ವಾ? ಲಿಂಕ್ ರಾಡ್ ಅಲ್ಲದಿದ್ದರೆ ಲೋಯರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳಿನ ರಬ್ಬರ್ ಮೆತ್ತೆ, ನೋಡಬೇಕು. ಬ್ರೇಕ್ ಹಾಕಿದಾಗ, ರಿವರ್ಸ್‌ನಿಂದ ಮುಂದಕ್ಕೆ ಹೊರಟಾಗ ‘ಧಡ್’ ಅಂತ ಒಂದೇ ಏಟು ಬಂದರೆ ಅನುಮಾನ ಆ ಬುಷ್ ಮೇಲೆ.

ಗ್ರೀಸ್ ಹೊಡೆದ ಮೇಲೆ ನಾಲ್ಕು ದಿನ ಸುಮ್ಮನಾಯಿತು ಅಂದಿರಿ. ಈಗಿನ ಇಂಥ ಕಾರುಗಳ ಕೀಲುಗಳಲ್ಲಿ ಸಾಮಾನ್ಯವಾಗಿ ಗ್ರೀಸ್ ತುಂಬುವ ನಿಪ್ಪಲ್ ಇರುವುದಿಲ್ಲ, ಸೀಲ್ ಆಗಿಯೇ ಬರುತ್ತವೆ. ಹೊರಗಿನಿಂದ ಬಳಿದದ್ದು ಸವೆದ ಜಾಗಕ್ಕೆ ತಲುಪಿ ನಾಲ್ಕು ದಿನ ಮೆತ್ತೆಯ ಹಾಗೆ ಕೂತಿತು, ಮಣ್ಣು ಸೇರಿದ ಮೇಲೆ ಅದೇ ಸಾಣೆಯಾಯಿತು. ರಬ್ಬರ್ ಬುಷ್ ಮೇಲೆ ಇಂಜಿನ್ ಆಯಿಲ್ ಬಿಡುವವರೂ ಇದ್ದಾರೆ. ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ, ಸದ್ದೂ ನಿಲ್ಲುತ್ತದೆ, ಸ್ವಲ್ಪ ದಿನದಲ್ಲಿ ಬುಷ್ಷೂ ಹರಿಯುತ್ತದೆ. ಆ ಮೆಕ್ಯಾನಿಕ್ ಕೆಟ್ಟ ಉದ್ದೇಶದಿಂದ ಮಾಡಿದರು ಅನ್ನಲ್ಲ. ಆದರೆ ಅದು ರಿಪೇರಿಯಲ್ಲ.

ಹಾಗಾದರೆ ರ‍್ಯಾಕ್ ಹೋಗಿರಲು ಸಾಧ್ಯವೇ ಇಲ್ವಾ? ಇದೆ. ಅದರ ಲಕ್ಷಣ ಬೇರೆ. ಸ್ಟೇರಿಂಗ್ ಅನ್ನು ಪೂರ್ತಿ ತಿರುಗಿಸಬೇಡಿ. ನೇರ ಇಟ್ಟು ಎರಡು ಬೆರಳಷ್ಟು ಮಾತ್ರ ಎಡಕ್ಕೆ ಬಲಕ್ಕೆ ಬೇಗ ಬೇಗ ಅಲುಗಾಡಿಸಿ. ಆಗ ‘ಕಟಕಟ’ ಬಂದರೆ ರ‍್ಯಾಕ್, ಟೈ ರಾಡ್ ಎಂಡ್ (ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಯ ಕೀಲು), ಅಥವಾ ಕಂಬದಿಂದ ರ‍್ಯಾಕ್‌ಗೆ ಹೋಗುವ ನಡುವಿನ ಶಾಫ್ಟ್, ಮೂರರಲ್ಲಿ ಒಂದು. ಯಾವುದು ಅಂತ ಕೈ ಇಟ್ಟೇ ನೋಡಬೇಕು. ಒಬ್ಬರು ಅಲುಗಾಡಿಸುವಾಗ ಇನ್ನೊಬ್ಬರು ಒಂದೊಂದೇ ಕೀಲನ್ನು ಹಿಡಿದು ಬಂದರೆ, ಎಲ್ಲಿ ಕುಟ್ಟುತ್ತದೋ ಅಲ್ಲಿ ಬೆರಳಿಗೆ ತಟ್ಟುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಗ್ಯಾರೇಜ್ ಶುರು ಮಾಡಿದ ಹೊಸದರಲ್ಲಿ, ಒಬ್ಬ ಮೇಷ್ಟರ ಕಾರಿಗೆ ಇದೇ ಕಟಕಟಕ್ಕೆ ರ‍್ಯಾಕ್ ಬದಲಿಸಿದೆ. ಖುಷಿಯಿಂದ ಟ್ರಯಲ್ ಹೋದೆ. ಮೊದಲ ಹಂಪ್‌ಗೇ ಮತ್ತೆ ಕಟ್ ಅಂತು. ಸಂಜೆ ಟಾರ್ಚ್ ಹಿಡಿದು ಕ್ಲಚ್ ಪೆಡಲ್ ಹತ್ತಿರ ತಲೆ ತೂರಿಸಿ ನೋಡಿದರೆ, ನಡುವಿನ ಶಾಫ್ಟಿನ ಬೋಲ್ಟ್ ಸಡಿಲ. ಕಾಲು ಸುತ್ತು ಬಿಗಿ ಮಾಡಿದೆ, ಸದ್ದು ಹೋಯಿತು. ಹಳೆ ರ‍್ಯಾಕ್ ವಾಪಸ್ ಹಾಕಿ ದುಡ್ಡು ಹಿಂದಿರುಗಿಸಿದೆ. ಅವತ್ತಿಂದ ರ‍್ಯಾಕ್ ಅನ್ನುವ ಮಾತನ್ನು ನಾನು ಕಡೆಯಲ್ಲಿ ಆಡುತ್ತೇನೆ.

ರ‍್ಯಾಕ್ ನಿಜವಾಗಿ ಸವೆದಿದ್ದರೆ ಅದು ನಡುಮಧ್ಯದಲ್ಲಿ ಸವೆದಿರುತ್ತದೆ. ನಾವು ಗಾಡಿ ಓಡಿಸುವುದೇ ಜಾಸ್ತಿ ನೇರಕ್ಕೆ. ನಡುವಿನ ಹಲ್ಲುಗಳಿಗೇ ಎಲ್ಲ ಏಟು. ಕೆಲವರು ‘ಬದಲಿಸೋದು ಬೇಡ, ಟೈಟ್ ಮಾಡಿ ಕೊಡ್ತೀನಿ’ ಅನ್ನುತ್ತಾರೆ. ರ‍್ಯಾಕ್‌ನ ಬೆನ್ನಿಗೆ ಒಂದು ಬಿಗಿ ಮಾಡುವ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸುತ್ತಾರೆ. ನಡುವಿನ ಕಟಕಟ ನಿಲ್ಲುತ್ತದೆ. ಆದರೆ ಬದಿಯ ಹಲ್ಲುಗಳು ಸವೆದಿಲ್ಲವಲ್ಲ, ಅಲ್ಲಿ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಬೇಕು, ಬರುವುದಿಲ್ಲ. ಘಟ್ಟದಲ್ಲಿ ಒಂದರ ಹಿಂದೆ ಒಂದು ತಿರುವು ಇರುವಾಗ ಇದು ಆ ಸದ್ದಿಗಿಂತ ಎಷ್ಟೋ ಅಪಾಯ. ಯಾರಾದರೂ ಹೀಗೆ ಬಿಗಿ ಮಾಡಿಕೊಟ್ಟರೆ ಖಾಲಿ ಮೈದಾನದಲ್ಲಿ ತಿರುಗಿಸಿ ಕೈ ಸಡಿಲ ಬಿಟ್ಟು ನೋಡಿ. ವಾಪಸ್ ಬರಲಿಲ್ಲ ಅಂದರೆ ಆ ಗಾಡಿ ಘಟ್ಟಕ್ಕೆ ಹೋಗಬಾರದು.

ರ‍್ಯಾಕ್ ಒಳಗಿನ ಬುಷ್ ಮಾತ್ರ ಹೋಗಿದ್ದರೆ ಬುಷ್ ಹಾಕಿ ರ‍್ಯಾಕ್ ಉಳಿಸಬಹುದು. ಹಲ್ಲು ಸವೆದಿದ್ದರೆ, ಎರಡೂ ಬದಿಯ ರಬ್ಬರ್ ಬೂಟು, ಅಂದರೆ ಹೊರಗವಸು, ಹರಿದು ಒಳಗೆ ನೀರು ಹೋಗಿ ತುಕ್ಕು ಹಿಡಿದಿದ್ದರೆ, ಬದಲಿಸುವುದೇ ಸರಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯದು ತಂದು ಹಾಕಬಹುದಾ ಅಂತ ತುಂಬ ಜನ ಕೇಳುತ್ತಾರೆ. ಡೋರ್, ಕನ್ನಡಿ, ಲೈಟ್ ತನ್ನಿ, ನನ್ನ ಅಭ್ಯಂತರ ಇಲ್ಲ. ರ‍್ಯಾಕ್ ಮಾತ್ರ ಬೇಡ. ಆಕ್ಸಿಡೆಂಟ್ ಆದ ಗಾಡಿಯಿಂದ ತೆಗೆದಿದ್ದರೆ ಒಳಗಿನ ಸರಳು ಕೂದಲೆಳೆಯಷ್ಟು ಬಾಗಿರಬಹುದು, ಕಣ್ಣಿಗೆ ಕಾಣುವುದಿಲ್ಲ.

ಹಾಗಂತ ಸದ್ದು ಅಂದರೆಲ್ಲ ನಿಧಾನಕ್ಕೆ ನೋಡೋಣ ಅನ್ನುವವನಲ್ಲ ನಾನು. ಕುಮಟಾಕ್ಕೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿಸಲೇಬೇಕು. ಗಾಡಿಯ ಮುಂಭಾಗ ಜಾಕಿಯಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಗಡಿಯಾರ ಅಂದುಕೊಂಡು 3 ಮತ್ತು 9ರ ಹತ್ತಿರ ಎರಡು ಕೈಯಲ್ಲಿ ಹಿಡಿದು ಅಲುಗಿಸಬೇಕು. ಲೊಡಲೊಡ ಅಂದರೆ ಟೈ ರಾಡ್ ಕಡೆಯ ದೋಷ. 12 ಮತ್ತು 6ರ ಹತ್ತಿರ ಹಿಡಿದಾಗ ಅಲುಗಿದರೆ ಬಾಲ್ ಜಾಯಿಂಟ್ (ಕೆಳಗಿನ ತೋಳಿಗೂ ಚಕ್ರಕ್ಕೂ ನಡುವಿನ ಗುಂಡು ಕೀಲು) ಅಥವಾ ಚಕ್ರದ ಬೇರಿಂಗ್. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿ ಮಲಗುತ್ತದೆ. ಟೈ ರಾಡ್ ಕಳಚಿದರೆ ಒಂದು ಚಕ್ರ ನಿಮ್ಮ ಮಾತೇ ಕೇಳುವುದಿಲ್ಲ. ಇವೆರಡರಲ್ಲಿ ಪ್ಲೇ, ಅಂದರೆ ಸಡಿಲದ ಅಲುಗಾಟ, ಕಂಡರೆ ಆ ಗಾಡಿಯನ್ನು ಘಟ್ಟ ಇಳಿಸುವುದಿರಲಿ, ಗ್ಯಾರೇಜಿನಿಂದ ಹೊರಗೂ ತರಬೇಡಿ. ಲಿಂಕ್ ರಾಡ್, ಮೌಂಟ್ ಬೇರಿಂಗ್ ಮಾತ್ರ ಆದರೆ ವಾರ ಹತ್ತು ದಿನ ನಿಧಾನಕ್ಕೆ ಓಡಿಸಬಹುದು. ಆದರೆ ಬೇರಿಂಗ್ ತೀರಾ ಬಿಗಿದರೆ ಅದೂ ಸ್ಟೇರಿಂಗ್ ನೇರಕ್ಕೆ ಬರುವುದನ್ನು ತಡೆಯುತ್ತದೆ. ಮೇಲೆ ಹೇಳಿದ ಮೈದಾನದ ಪರೀಕ್ಷೆ ಇಲ್ಲಿಗೂ ಅನ್ವಯಿಸುತ್ತದೆ.

ಮೈದಾನಕ್ಕೆ ಹೋದಾಗಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ವೇಗ ಹೆಚ್ಚಿದ ಹಾಗೆ ಕಟ್-ಕಟ್-ಕಟ್ ಕೂಡ ಬೇಗವಾದರೆ ಅದು ಆಕ್ಸಲ್‌ನ ಸಿ.ವಿ. ಜಾಯಿಂಟ್, ಅಂದರೆ ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಕೀಲು. ರಿಮ್‌ನ ಒಳಮೈಗೆ ಗ್ರೀಸ್ ಸಿಡಿದಿದ್ದರೆ ಅದರ ಬೂಟು ಹರಿದಿದೆ ಅಂತಲೇ ಲೆಕ್ಕ. ನಿಮ್ಮ ವಿವರದಲ್ಲಿ ಇದರ ಸುಳಿವಿಲ್ಲ, ಆದರೂ ನೋಡಿಬಿಡಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಅಲುಗಿಸುವ ಪರೀಕ್ಷೆ ಮೊದಲು. ಅದರಲ್ಲಿ ಪಾಸಾದರೆ ಎರಡೂ ಕಡೆಯ ಮೌಂಟ್ ಬೇರಿಂಗ್, ಎರಡೂ ಕಡೆಯ ಲಿಂಕ್ ರಾಡ್. ಒಂದೇ ಕಡೆ ಬದಲಿಸಿದರೆ ಸ್ವಲ್ಪ ದಿನದಲ್ಲಿ ಇನ್ನೊಂದು ಕಡೆ ಶುರುವಾಗುತ್ತದೆ, ಮಜೂರಿ ಎರಡು ಸಲ ತೆರಬೇಕು. ಆಮೇಲೆ ನೂರು ಕಿಲೋಮೀಟರ್ ಓಡಿಸಿ ನೋಡುವುದು. ರ‍್ಯಾಕ್ ಮಾತು ಆಮೇಲೂ ಸದ್ದು ಉಳಿದರೆ ಮಾತ್ರ. ವೀಲ್ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಸದ್ದಿಗೆ ಮೊದಲೇ ಅಲೈನ್‌ಮೆಂಟ್ ಮಾಡಿಸುವುದು ದಂಡ.

ಲೋಯರ್ ಆರ್ಮ್ ಬುಷ್ ಬದಲಿಸುವ ಪ್ರಸಂಗ ಬಂದರೆ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ: ಬೋಲ್ಟ್‌ಗಳ ಕೊನೆಯ ಬಿಗಿ ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರ ಆಗಲಿ. ಚಕ್ರ ನೇತಾಡುತ್ತಿರುವಾಗಲೇ ಬಿಗಿ ಮಾಡಿ ಇಳಿಸಿದರೆ ಬುಷ್‌ನ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ‘ಹೊಸ ಬುಷ್ ಹಾಕಿ ವರ್ಷ ಆಗಿಲ್ಲ, ಲೋಕಲ್ ಮಾಲು ಸಾರ್’ ಅಂತ ಬರುವವರಲ್ಲಿ ಎಷ್ಟೋ ಸಲ ಮಾಲಿನ ತಪ್ಪಿರುವುದಿಲ್ಲ.

ರ‍್ಯಾಕ್ ಅಂದ ಮೆಕ್ಯಾನಿಕ್ ಜೊತೆ ಜಗಳ ಬೇಡ. ‘ಪ್ಲೇ ಎಲ್ಲಿದೆ, ನನ್ನ ಕೈ ಇಡಿಸಿ ತೋರಿಸಿ’ ಅನ್ನಿ. ನಿಜವಾಗಿ ಇದ್ದರೆ ಅವರು ಖುಷಿಯಿಂದ ತೋರಿಸುತ್ತಾರೆ. ಬದಲಿಸಿದ ಹಳೆ ಪಾರ್ಟನ್ನು ಕೇಳಿ ಪಡೆದುಕೊಳ್ಳಿ. ಗ್ಯಾರೇಜಿಗೆ ಹೋದ ದಿನ ಸದ್ದು ಬರದೆ ಹೋಗುವುದು ಮಾಮೂಲು, ಆದ್ದರಿಂದ ಬಂದಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ಇನ್ನು ನೀವು ‘ಬೇರೆ ವಿಷಯ ಬಿಡಿ’ ಅಂದಿರಲ್ಲ, ಆ ಸರಸರ. ಅದನ್ನು ಬಿಡಬೇಡಿ. ಸ್ಟೇರಿಂಗ್ ಚಕ್ರದ ಹಿಂದೆ ಚಪ್ಪಟೆ ಡಬ್ಬಿಯೊಂದರಲ್ಲಿ ತೆಳ್ಳಗಿನ ಪಟ್ಟಿಯಂಥ ವೈರು ಸುರುಳಿ ಸುತ್ತಿಕೊಂಡಿರುತ್ತದೆ. ಕ್ಲಾಕ್ ಸ್ಪ್ರಿಂಗ್ ಅಂತ ಹೆಸರು. ತಿರುಗುವ ಚಕ್ರದೊಳಗಿನ ಹಾರ್ನ್‌ಗೆ, ಡ್ರೈವರ್ ಏರ್‌ಬ್ಯಾಗ್‌ಗೆ ಕರೆಂಟ್ ಹೋಗುವುದು ಇದರ ಮೂಲಕವೇ. ಸರಸರ ಸದ್ದು, ಜೊತೆಗೆ ಕೈಕೊಡುವ ಹಾರ್ನ್ ಎರಡೂ ಸೇರಿದರೆ ಆ ಪಟ್ಟಿ ಹರಿಯುತ್ತಿದೆ ಅಂತ ಅರ್ಥ. ಹಾರ್ನ್ ಕೆಟ್ಟದ್ದು ನಿಮಗೆ ಗೊತ್ತಾಯಿತು. ಏರ್‌ಬ್ಯಾಗ್ ಇದ್ದರೆ ಅದರ ಸಂಪರ್ಕ ಹೋದದ್ದನ್ನು ಹೇಳುವುದು ಮೀಟರಿನ ಒಂದು ದೀಪ ಮಾತ್ರ. ಕೀ ಆನ್ ಮಾಡಿದಾಗ ಅದು ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೆ ಉಳಿದಿದ್ದರೆ, ಅಥವಾ ಹತ್ತುವುದೇ ಇಲ್ಲದಿದ್ದರೆ, ಈ ವಾರವೇ ತೋರಿಸಿ. ಇದನ್ನು ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಕಾದು, ಏರ್‌ಬ್ಯಾಗ್ ಕೆಲಸ ಗೊತ್ತಿರುವವರೇ ಬಿಚ್ಚಬೇಕು. ಹೊಸದನ್ನು ನಡುವಿಗೆ ಸರಿಯಾಗಿ ಹೊಂದಿಸದೆ ಕೂರಿಸಿದರೆ ಮೊದಲ ಫುಲ್ ಟರ್ನಿಂಗ್‌ನಲ್ಲೇ ಹರಿಯುತ್ತದೆ. ಅಲ್ಲಿಯವರೆಗೆ ದೇವಿಮನೆಯ ತಿರುವುಗಳಲ್ಲಿ ಹಾರ್ನ್ ನಂಬಬೇಡಿ. ಹಗಲಾದರೂ ಲೈಟ್ ಹಾಕಿಕೊಂಡು ನಿಮ್ಮ ಎಡಕ್ಕೇ ಇಳಿಯಿರಿ.